ಹೊಳೆ ದಾಟಿದವರು ಬರೆದರು. ಹುಟ್ಟು ಹಾಕಿದವರು ಬರೆಯುವುದೆಂದು?

ಕಾಲುವೆ, ಹರಿಗೋಲು, ದೋಣಿಗಳ ಬಗ್ಗೆ ಓದಲೇಬೇಕಾದ ಕೆಲವು ಪುಸ್ತಕಗಳು

ಕಿನ್ನಾಳ: ಕಟ್ಟಿಗೆಯ ಗೊಂಬೆಗೆ ಹೆಸರಾದ ಈ ಊರಿಗೆ ನೀರಿನ ಸುದ್ದಿಯೇನೂ ಹೊಸದಲ್ಲ. ಊರ ಮಗ್ಗುಲಿಗೇ ಹಿರೇಹಳ್ಳದ ಜಲಾಶಯ, ಅದಕ್ಕೆ ಎಡ-ಬಲ ಕಾಲುವೆಗಳು. ಕೊಪ್ಪಳ ದಾಟಿ ಮುನಿರಾಬಾದಿಗೆ ಹೋದರೆ ತುಂಗಭದ್ರಾ ಅಣೆಕಟ್ಟು, ಅಲ್ಲಿಂದ ರಾಯಚೂರು ಸೀಮೆಯವರೆಗೆ 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ. ಗಂಗಾವತಿ ದಾರಿ ಹಿಡಿದರೆ ಆನೆಗೊಂದಿ, ವಿಜಯನಗರದ ಅರಸರ ಕಾಲದ ಕಾಲುವೆಗಳು, ಹೊಳೆಯ ಮೇಲೆ ಗಿರಗಿರ ತಿರುಗುವ ಹರಿಗೋಲು.

ಇಷ್ಟೆಲ್ಲ ಕಣ್ಣೆದುರಿಗೇ ಇದ್ದರೂ, ಕಾಲುವೆ ಮತ್ತು ಒಳನಾಡಿನ ದೋಣಿಯ ವಿಷಯದಲ್ಲಿ ಓದತಕ್ಕ ಪುಸ್ತಕ ಯಾವುದಿದೆ ಅಂತ ಕೇಳಿದರೆ ತಟ್ಟನೆ ಒಂದು ಹೆಸರು ಹೇಳುವವರು ನಮ್ಮಲ್ಲಿ ಅಪರೂಪ. ಹಿತ್ತಲ ಗಿಡ ಮದ್ದಲ್ಲ, ಮನೆ ಮುಂದಿನ ನೀರು ಸುದ್ದಿಯಲ್ಲ! ಆದರೆ ಪುಸ್ತಕಗಳು ಇಲ್ಲವೆಂದಲ್ಲ. ಇವೆ, ಒಳ್ಳೆಯವೇ ಇವೆ. ತಮಾಷೆ ಏನಂದರೆ, ನಮ್ಮ ಹೊಳೆಯ ಬಗ್ಗೆ ಪುಸ್ತಕ ಬರೆದವರಲ್ಲಿ ಹೆಚ್ಚಿನವರು ಹರಿಗೋಲಿನಲ್ಲಿ ಕೂತು ದಾಟಿದವರು. ಹುಟ್ಟು ಹಾಕಿದವರಲ್ಲ, ತೂಬು ಎತ್ತಿದವರೂ ಅಲ್ಲ.

ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು, ಬಸ್ಸಿನಲ್ಲಿ ಸೀಟು ಸಿಕ್ಕ ಹೊತ್ತು ಓದಿಕೊಳ್ಳಲು ಅನುಕೂಲವಾಗಲಿ ಎಂದು ಕೆಲವನ್ನು ಇಲ್ಲಿ ಆರಿಸಿ ಕೊಟ್ಟಿದೆ.

ಮೊದಲು ಓದಬೇಕಾದ ಪುಸ್ತಕ

ಈ ಸೀಮೆಯವರು ಮೊದಲು ಕೈಗೆತ್ತಿಕೊಳ್ಳಬೇಕಾದ್ದು ರಾಬರ್ಟ್ ಸಿವೆಲ್ ಬರೆದ ‘ಎ ಫರ್ಗಾಟನ್ ಎಂಪೈರ್’. ಸಿವೆಲ್ ಮದ್ರಾಸ್ ಸರ್ಕಾರದ ಅಧಿಕಾರಿ. ಪುಸ್ತಕ ಬಂದದ್ದು 1900ರಲ್ಲಿ. ಕನ್ನಡಕ್ಕೂ ಬಂದಿದೆ. ಹೆಸರು ಕೇಳಿ ಬರೀ ಅರಸರ, ಯುದ್ಧದ ಕತೆ ಎಂದು ತಿಳಿಯಬೇಡಿರಿ. ಅದರ ಕೊನೆಗೆ ಡೊಮಿಂಗೊ ಪಾಯೆಸ್ ಮತ್ತು ನ್ಯೂನಿಜ್ ಎಂಬ ಇಬ್ಬರು ಪೋರ್ಚುಗೀಸರ ಬರಹಗಳನ್ನು ಸಿವೆಲ್ ಇಂಗ್ಲೀಷಿಗೆ ತಂದು ಸೇರಿಸಿದ್ದಾರೆ. ನೀರಿನ ಸಂಗತಿ ಇರುವುದು ಅಲ್ಲಿ.

ಪಾಯೆಸ್ ಬಂದದ್ದು ಕೃಷ್ಣದೇವರಾಯನ ಕಾಲಕ್ಕೆ, 1520ರ ಸುಮಾರಿಗೆ. ಅವನು ಹೊಳೆ ದಾಟಿ ಆನೆಗೊಂದಿಗೆ ಹೋಗುವ ಬಗೆ ಬರೆದಿದ್ದಾನೆ. ಬುಟ್ಟಿಯ ಹಾಗೆ ಗುಂಡಾದ ದೋಣಿ, ಒಳಗೆ ಹೆಣಿಗೆ, ಹೊರಗೆ ತೊಗಲು. ಹದಿನೈದಿಪ್ಪತ್ತು ಮಂದಿ ಹಿಡಿಸುತ್ತಾರೆ. ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದು. ದೋಣಿ ನೆಟ್ಟಗೆ ಹೋಗುವುದಿಲ್ಲ, ಸುತ್ತುತ್ತಲೇ ಸಾಗುತ್ತದೆ. ಈ ರಾಜ್ಯದ ಹೊಳೆಗಳಲ್ಲಿ ಬೇರೆ ಬಗೆಯ ದೋಣಿಯೇ ಇಲ್ಲ ಎನ್ನುತ್ತಾನೆ. ಐನೂರು ವರ್ಷ ಕಳೆದಿವೆ. ತೊಗಲು ಹೋಗಿ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂತು, ಈಗ ಫೈಬರಿನವೂ ಬಂದಿವೆ. ದೋಣಿ ಸುತ್ತುವುದು ಮಾತ್ರ ಇನ್ನೂ ನಿಂತಿಲ್ಲ, ನೋಡ್ರಿ!

ನ್ಯೂನಿಜ್ ಕುದುರೆ ವ್ಯಾಪಾರದ ಸಂಬಂಧ ಬಂದವನು ಎನ್ನುತ್ತಾರೆ. ಬರೆದದ್ದು 1535ರ ಆಸುಪಾಸು. ಹೊಳೆಗೆ ಬಂಡೆಗಳನ್ನು ತಳ್ಳಿಸಿ ಕಟ್ಟೆ ಕಟ್ಟಿ ಪಟ್ಟಣಕ್ಕೆ ನೀರು ತಂದ ಅರಸನ ಸಂಗತಿ ಅವನಲ್ಲಿದೆ. ಕೃಷ್ಣದೇವರಾಯ ಕೆರೆ ಕಟ್ಟಿಸುವಾಗ ಗೋವೆಯಿಂದ ಕಲ್ಲುಕೆಲಸ ಬಲ್ಲ ಪೋರ್ಚುಗೀಸನೊಬ್ಬನನ್ನು ಕರೆಸಿಕೊಂಡದ್ದೂ ಇದೆ. ಕಟ್ಟಿದ ಏರಿ ಮತ್ತೆ ಮತ್ತೆ ಒಡೆದಾಗ ನರಬಲಿ ಕೊಟ್ಟರೆಂಬ ಕರಾಳ ಮಾತೂ ಇದೆ. ಕೊರಗಲ್ಲಿನ ಅಣೆ ಮತ್ತು ಬಸವಣ್ಣ ಕಾಲುವೆ 1521ರವು ಎಂದು ಸಿವೆಲ್ ಬರೆಯುತ್ತಾರೆ. ನೀರು ಪುಗಸಟ್ಟೆ ಹರಿಯಲಿಲ್ಲ ಎಂಬುದು ಪುಸ್ತಕ ಮುಗಿಸುವ ಹೊತ್ತಿಗೆ ಓದುಗನಿಗೆ ಮನವರಿಕೆಯಾಗುತ್ತದೆ.

ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದ ಪುಸ್ತಕವಾದ್ದರಿಂದ ಇಂಗ್ಲೀಷ್ ಪ್ರತಿ ಮೊಬೈಲಿನಲ್ಲೂ ಪುಕ್ಕಟೆ ಸಿಗುತ್ತದೆ. ಕಿನ್ನಾಳದಿಂದ ಕೊಪ್ಪಳ ಮುಟ್ಟುವುದರೊಳಗೆ ಪಾಯೆಸ್ ಹೊಳೆ ದಾಟುವ ಪುಟ ಓದಿ ಮುಗಿಸಬಹುದು.

ಕಾಲುವೆಯ ಗುಟ್ಟು ತಿಳಿಯಲು

ವಿಜಯನಗರದವರು ಕಾಲುವೆ ತೆಗೆದ ರೀತಿ ಹೇಗೆ? ಅದಕ್ಕೆ ಎರಡು ಪುಸ್ತಕ ಹೇಳಬಹುದು. ಒಂದು, ಡಾಮಿನಿಕ್ ಡೇವಿಸನ್-ಜೆಂಕಿನ್ಸ್ ಬರೆದು 1997ರಲ್ಲಿ ಬಂದ, ವಿಜಯನಗರ ಪಟ್ಟಣದ ನೀರಾವರಿ ಮತ್ತು ನೀರು ಸರಬರಾಜಿನ ಗ್ರಂಥ. ಇನ್ನೊಂದು, ಅಮೆರಿಕದ ಕ್ಯಾಥ್ಲೀನ್ ಮಾರಿಸನ್ ಅವರ ‘ಫೀಲ್ಡ್ಸ್ ಆಫ್ ವಿಕ್ಟರಿ’, 1995ರದ್ದು. ಎರಡೂ ವಿದ್ವಾಂಸರ ಪುಸ್ತಕ, ಸ್ವಲ್ಪ ಭಾರ. ಆದರೆ ನಕಾಶೆ, ಚಿತ್ರಗಳಿರುವುದರಿಂದ ನಮ್ಮ ಭಾಗದವರಿಗೆ ಅಷ್ಟು ಕಷ್ಟವಾಗಲಾರದು. ಹೊಲದ ಹೆಸರು, ಊರಿನ ಹೆಸರು ನಮ್ಮವೇ ಅಲ್ಲವೇ?

ಗುಟ್ಟು ಇಷ್ಟು. ಆ ಕಾಲದವರು ಹೊಳೆಗೆ ಅಡ್ಡಲಾಗಿ ನೆಟ್ಟಗೆ ಗೋಡೆ ಎಬ್ಬಿಸಲು ಹೋಗಲಿಲ್ಲ. ಹೊಳೆಯೊಳಗೆ ದೇವರೇ ಇಟ್ಟ ಬಂಡೆಗಳಿದ್ದವು. ಒಂದು ಬಂಡೆಯಿಂದ ಇನ್ನೊಂದು ಬಂಡೆಗೆ ದೊಡ್ಡ ಕಲ್ಲು ಜೋಡಿಸಿ, ಅಂಕುಡೊಂಕಾಗಿಯೇ ಅಣೆ ಹಾಕಿದರು. ನೆರೆ ಬಂದಾಗ ನೀರು ಮೇಲೆ ಹಾಯ್ದು ಹೋಗುತ್ತಿತ್ತು. ಬೇಸಿಗೆಯಲ್ಲಿ ಇದ್ದಷ್ಟು ನೀರು ಬದಿಯ ಕಾಲುವೆಗೆ ತಿರುಗುತ್ತಿತ್ತು. ಕಾಲುವೆಯನ್ನು ಗುಡ್ಡದ ಬುಡ ಹಿಡಿದು, ಇಳಿಜಾರು ಕಂಡೂ ಕಾಣದಷ್ಟು ಇಟ್ಟು ಒಯ್ದರು. ಯಂತ್ರವಿಲ್ಲ, ದುರ್ಬೀನಿಲ್ಲ. ನೀರೇ ಮಟ್ಟಗೋಲು!

ಕೆರೆ ನೀರಿಗೆ ಮಳೆಯ ಹಂಗು. ಹೊಳೆಯ ಕಾಲುವೆಗೆ ಆ ಹಂಗು ಕಡಿಮೆ. ಆದ್ದರಿಂದಲೇ ಆನೆಗೊಂದಿ, ಗಂಗಾವತಿ ಕಡೆ ಭತ್ತ, ಬಾಳೆ, ಕಬ್ಬು ಅಂದಿನಿಂದ ಇಂದಿನವರೆಗೂ ನಿಂತಿವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತಾಗ ಮೇಲ್ಭಾಗದ ಕೆಲವು ಹಳೆಯ ಅಣೆಗಳು ಮುಳುಗಿದವು. ಆದರೆ ಶಿವಪುರ, ಆನೆಗೊಂದಿ, ಗಂಗಾವತಿಯ ಮೇಲಿನ ಮತ್ತು ಕೆಳಗಿನ ಕಾಲುವೆಗಳು ಹೊಸ ವ್ಯವಸ್ಥೆಯೊಳಗೇ ಸೇರಿಕೊಂಡು ಹರಿದವು. ಇತ್ತೀಚಿನ ವರ್ಷಗಳಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ವಿಜಯನಗರ ಕಾಲುವೆಗಳ ಆಧುನೀಕರಣವೂ ನಡೆದಿದೆ. ಹಳೆಯ ಕಲ್ಲಿನ ಮೇಲೆ ಹೊಸ ಕಾಂಕ್ರೀಟು ಬೀಳುವ ಹೊತ್ತಿನಲ್ಲಿ, ಹಳೆಯದು ಹೇಗಿತ್ತು ಎಂದು ಹೇಳುವ ಪುಸ್ತಕಗಳ ಬೆಲೆ ಹೆಚ್ಚುತ್ತದೆ ಎಂಬುದು ಗಮನಾರ್ಹ.

ಕಾಗದದ ಮೇಲಲ್ಲ, ಕಲ್ಲಿನ ಮೇಲೆ ಬರೆದದ್ದೂ ಒಂದಿದೆ. ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನ. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ಒಳ್ಳೆಯ ಕೆರೆಗೆ ಹನ್ನೆರಡು ಅಂಗ, ಕೆಟ್ಟ ಕೆರೆಗೆ ಆರು ದೋಷ ಎಂದು ಅದರಲ್ಲಿ ಪಟ್ಟಿ ಹಾಕಿದ್ದಾರೆ. ಕಟ್ಟುವವರ ತಿಳಿವಳಿಕೆಯನ್ನು ಮುಂದಿನವರಿಗಾಗಿ ಬರೆದಿಡಬೇಕು ಎಂಬ ಬುದ್ಧಿ ಆಗಲೇ ಇತ್ತು ಎಂದಾಯಿತು.

ಕಾರವಾರಕ್ಕೆ ದೋಣಿಯ ದಾರಿ!

ತುಂಗಭದ್ರೆಯ ಮೇಲೆ ಸರಕಿನ ದೋಣಿ ಓಡಿಸುವ ಕನಸು ಕಂಡವರೊಬ್ಬರಿದ್ದರು ಎಂದರೆ ಇಂದಿನ ವ್ಯಾಪಾರಸ್ಥರು ನಗಬಹುದು. ಅವರೇ ಗೋದಾವರಿ ಅಣೆಕಟ್ಟಿನ ಸರ್ ಆರ್ಥರ್ ಕಾಟನ್. ಅವರ ಮಗಳು ಲೇಡಿ ಹೋಪ್ ಬರೆದ ಜೀವನ ಚರಿತ್ರೆ 1900ರಲ್ಲಿ ಪ್ರಕಟವಾಯಿತು. ಅದನ್ನೂ, ರಮೇಶಚಂದ್ರ ದತ್ತರು ಬ್ರಿಟಿಷರ ಕಾಲದ ಹಿಂದೂಸ್ಥಾನದ ಆರ್ಥಿಕ ಇತಿಹಾಸ ಬರೆದ ಎರಡನೆಯ ಗ್ರಂಥವನ್ನೂ ಜೊತೆಗಿಟ್ಟು ಓದಬೇಕು.

ರೈಲಿಗೆ ಸುರಿಯುವ ಹಣವನ್ನು ಕಾಲುವೆಗೆ ಹಾಕಿರಿ, ಹೊಲಕ್ಕೆ ನೀರೂ ಆಯಿತು, ಸರಕಿಗೆ ದಾರಿಯೂ ಆಯಿತು ಎಂಬುದು ಕಾಟನ್ ಅವರ ವಾದ. 1878ರಲ್ಲಿ ವಿಲಾಯತಿಯ ಪಾರ್ಲಿಮೆಂಟ್ ಸಮಿತಿಯ ಮುಂದೆಯೂ ಅದನ್ನೇ ಹೇಳಿದರು. ಅವರು ಹಾಕಿದ ಜಲಮಾರ್ಗಗಳ ಪಟ್ಟಿಯಲ್ಲಿ ತುಂಗಭದ್ರೆಯನ್ನು ಹಿಡಿದು ಮೇಲೇರಿ ಅರಬ್ಬಿ ಸಮುದ್ರದ ಕಾರವಾರಕ್ಕೆ ಮುಟ್ಟುವ ದಾರಿಯೂ ಒಂದಿತ್ತು. ಆ ಕನಸು ನನಸಾಗಿದ್ದರೆ ಈ ಭಾಗದ ಜೋಳ, ಅರಳೆ ಎಲ್ಲ ದೋಣಿಯಲ್ಲಿ ಸಮುದ್ರ ಕಾಣುತ್ತಿದ್ದವೇನೋ!

ನಡೆದದ್ದು ಮಾತ್ರ ಬೇರೆ. ಮದ್ರಾಸ್ ಇರಿಗೇಶನ್ ಅಂಡ್ ಕೆನಾಲ್ ಕಂಪನಿಯವರು 1860ರ ದಶಕದಲ್ಲಿ ಕರ್ನೂಲು ಬಳಿ ಸುಂಕೇಸುಲದಲ್ಲಿ ಇದೇ ತುಂಗಭದ್ರೆಗೆ ಅಣೆ ಕಟ್ಟಿ ಕಡಪದವರೆಗೆ ಕಾಲುವೆ ತೋಡಿದರು. ದೋಣಿ ಓಡಾಟಕ್ಕೆ ಬೇಕೆಂದು ‘ಲಾಕ್’ಗಳನ್ನೂ ಕಟ್ಟಿದರು. ಲಾಕ್ ಎಂದರೆ ಬೀಗವಲ್ಲ, ನೀರಿನ ಮೆಟ್ಟಿಲು. ಮೇಲೊಂದು ಬಾಗಿಲು, ಕೆಳಗೊಂದು ಬಾಗಿಲು, ನಡುವೆ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಎರಡೂ ಬಾಗಿಲು ಮುಚ್ಚಿ, ತೊಟ್ಟಿಗೆ ನೀರು ಬಿಟ್ಟರೆ ದೋಣಿ ತಾನೇ ಮೇಲೇರುತ್ತದೆ. ನೀರು ಇಳಿಸಿದರೆ ತಾನೇ ಕೆಳಗಿಳಿಯುತ್ತದೆ. ಎತ್ತುವವರೂ ಬೇಡ, ಇಳಿಸುವವರೂ ಬೇಡ.

ಆದರೆ ಖರ್ಚು ಮಿತಿಮೀರಿತು. ರೈತರು ಎಣಿಸಿದಷ್ಟು ನೀರು ಕೊಳ್ಳಲಿಲ್ಲ. ದೋಣಿ ವ್ಯವಹಾರವೂ ಕೈಹಿಡಿಯಲಿಲ್ಲ. ಕಡೆಗೆ 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡಿತು. ದೋಣಿ ಹೋಯಿತು, ನೀರು ಉಳಿಯಿತು. ಆ ಕರ್ನೂಲು-ಕಡಪ ಕಾಲುವೆ ಈಗಲೂ ಹೊಲಕ್ಕೆ ಹರಿಯುತ್ತಿದೆ. 2020ರಲ್ಲಿ ಅಂತರರಾಷ್ಟ್ರೀಯ ನೀರಾವರಿ ಆಯೋಗದ ಪಾರಂಪರಿಕ ಪಟ್ಟಿಗೂ ಸೇರಿತು. ಇನ್ನು 2016ರ ರಾಷ್ಟ್ರೀಯ ಜಲಮಾರ್ಗ ಕಾಯಿದೆಯಲ್ಲಿ ಹೆಸರಿಸಿದ 111 ಜಲಮಾರ್ಗಗಳಲ್ಲಿ ತುಂಗಭದ್ರೆಯೂ ಒಂದು. ಕಾನೂನಿನ ಪುಸ್ತಕದಲ್ಲಿ ದೋಣಿ ದಾರಿ ಇದೆ. ಹೊಳೆಯಲ್ಲಿ ಸದ್ಯಕ್ಕೆ ಹರಿಗೋಲೇ ಗತಿ!

ಹರಿಗೋಲಿಗೇ ಮೀಸಲಾದ ಬರಹ

ಹರಿಗೋಲಿನ ಬಗ್ಗೆ ಗಂಭೀರವಾಗಿ ಬರೆದವರು ಜೇಮ್ಸ್ ಹಾರ್ನೆಲ್. ಮದ್ರಾಸ್ ಸರ್ಕಾರದ ಮೀನುಗಾರಿಕೆ ಇಲಾಖೆಯ ಮುಖ್ಯಸ್ಥರಾಗಿದ್ದವರು. ದಕ್ಷಿಣ ಹಿಂದೂಸ್ಥಾನದ ಹರಿಗೋಲುಗಳ ಮೇಲೆ ಅವರ ಲೇಖನ 1933ರಲ್ಲಿ ಬಂತು. ದೇಶದೇಶಗಳ ದೋಣಿಗಳ ಹುಟ್ಟು ಬೆಳವಣಿಗೆಯ ದೊಡ್ಡ ಗ್ರಂಥ ‘ವಾಟರ್ ಟ್ರಾನ್ಸ್‌ಪೋರ್ಟ್’ 1946ರಲ್ಲಿ ಬಂತು. ಬುಟ್ಟಿ ದೋಣಿ ನಮ್ಮಲ್ಲಷ್ಟೇ ಅಲ್ಲ, ಇರಾಕಿನ ಟೈಗ್ರಿಸ್ ನದಿಯಲ್ಲಿ, ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿಯೂ ಇತ್ತೆಂದು ಓದಿದಾಗ ಆನೆಗೊಂದಿಯ ಅಂಬಿಗನಿಗೆ ಎಲ್ಲೆಲ್ಲಿ ಬೀಗರಿದ್ದಾರೆ ಎಂದು ಆಶ್ಚರ್ಯವಾಗುತ್ತದೆ.

ಸೈನ್ಯದವರಿಗೂ ಈ ಬುಟ್ಟಿಯೇ ಬೇಕಾಯಿತು. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ತುಂಗಭದ್ರೆ ದಾಟಿದ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆಗಿ ನೆಪೋಲಿಯನ್ನನನ್ನು ಸೋಲಿಸಿದವನು. ಅಚ್ಚಾಗಿರುವ ಅವನ ಪತ್ರಗಳಲ್ಲಿ ಹೊಳೆ ದಾಟಲು ಬುಟ್ಟಿ ದೋಣಿ ಮಾಡಿಸುವ ಮಾತು ಬರುತ್ತದೆ. ಎಂಥ ದೊಡ್ಡ ದಂಡಾದರೂ ಹೊಳೆಯ ದಂಡೆಗೆ ಬಂದಾಗ ಬಿದಿರು ಹೆಣೆಯುವವನ ಮುಂದೆ ಕೈಕಟ್ಟಿ ನಿಲ್ಲಬೇಕು!

ಶಾಲೆ ಬಿಟ್ಟವನ ಪುಸ್ತಕ ಕಾಲುವೆ ಉಳಿಸಿತು

ಇಲ್ಲಿ ಒಂದು ವಿಲಾಯತಿ ಪುಸ್ತಕದ ಸಂಗತಿ ಹೇಳಲೇಬೇಕು. ಹೆಸರು ‘ನ್ಯಾರೋ ಬೋಟ್’. ಬರೆದವರು ಎಲ್.ಟಿ.ಸಿ. ರೋಲ್ಟ್. ಪ್ರೊಫೆಸರರಲ್ಲ. ಹದಿನಾರಕ್ಕೆ ಶಾಲೆ ಬಿಟ್ಟು ಯಂತ್ರದ ಕೆಲಸ ಕಲಿತವರು. 1939ರಲ್ಲಿ ‘ಕ್ರೆಸ್ಸಿ’ ಎಂಬ ಹಳೆಯ ಮರದ ದೋಣಿಯನ್ನೇ ಮನೆ ಮಾಡಿಕೊಂಡು, ಹೆಂಡತಿಯೊಡನೆ ಇಂಗ್ಲೆಂಡಿನ ಕಾಲುವೆಗಳಲ್ಲಿ ತಿರುಗಲು ಹೊರಟರು.

ಆಗ ಅಲ್ಲಿನ ಕಾಲುವೆಗಳಿಗೆ ಕೆಟ್ಟ ಕಾಲ. ರೈಲು, ಲಾರಿ ಬಂದ ಮೇಲೆ ದೋಣಿಗೆ ಸರಕಿಲ್ಲ. ಕಾಲುವೆ ಹೂಳು ತುಂಬಿ, ಬಾಗಿಲು ಕೊಳೆತು, ಮುಚ್ಚಿಬಿಡೋಣ ಎನ್ನುವವರೇ ಹೆಚ್ಚು. ರೋಲ್ಟ್ ತಾವು ಕಂಡ ದೋಣಿಯವರ ಬದುಕು, ದೋಣಿಯ ಮೇಲೆ ಬಿಡಿಸುತ್ತಿದ್ದ ಗುಲಾಬಿ-ಕೋಟೆಗಳ ಬಣ್ಣದ ಚಿತ್ರ, ಲಾಕ್ ಕಾಯುವವರ ಮಾತು ಎಲ್ಲವನ್ನೂ ಬರೆದರು. ಪುಸ್ತಕ ಹೊರಬಂದದ್ದು ಯುದ್ಧ ಮುಗಿಯುವ ಮುನ್ನ, 1944ರ ಕೊನೆಗೆ. ಓದಿದ ರಾಬರ್ಟ್ ಐಕ್‌ಮನ್ ಎಂಬುವರು ಅವರಿಗೆ ಪತ್ರ ಬರೆದರು. ಇಬ್ಬರೂ ಭೇಟಿಯಾದರು. 1946ರಲ್ಲಿ ಒಳನಾಡು ಜಲಮಾರ್ಗಗಳ ಸಂಘ ಹುಟ್ಟಿತು. ಮುಚ್ಚಿಹೋಗಲಿದ್ದ ಎಷ್ಟೋ ಕಾಲುವೆಗಳು ಆ ಚಳವಳಿಯಿಂದ ಉಳಿದವು, ಕೆಲವು ಮತ್ತೆ ತೆರೆದವು. ಒಂದು ಪುಸ್ತಕದಿಂದ ಏನಾಗುತ್ತೈತ್ರಿ ಎನ್ನುವವರಿಗೆ ಇದೇ ಉತ್ತರ.

ಜೊತೆಗೆ ಎಮ್ಮಾ ಸ್ಮಿತ್ ಎಂಬಾಕೆಯ ‘ಮೇಡನ್ಸ್ ಟ್ರಿಪ್’ ಓದಿದರೆ ಇನ್ನೂ ಚೆನ್ನ. ಯುದ್ಧಕಾಲದಲ್ಲಿ ಗಂಡಾಳುಗಳಿಲ್ಲದೆ ಹರೆಯದ ಹುಡುಗಿಯರು ಸರಕಿನ ದೋಣಿ ನಡೆಸಿದ ಅನುಭವದಿಂದ ಹುಟ್ಟಿದ ಪುಸ್ತಕ, 1948ರದ್ದು. ಈ ಇಬ್ಬರೂ ದಂಡೆಯ ಮೇಲೆ ನಿಂತು ಬರೆದವರಲ್ಲ ಎಂಬುದನ್ನು ನೆನಪಿಡಬೇಕು. ಕೈ ಬೊಕ್ಕೆ ಎದ್ದ ಮೇಲೆ ಬರೆದವರು.

ಕನ್ನಡದಲ್ಲಿ ಏನಿದೆ?

ಕನ್ನಡದಲ್ಲಿ ಮೊದಲ ಹೆಸರು ಇದೇ ಹೊಳೆಯವರದು. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯ. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಗಿರುವ ಚೌಡದಾನಪುರ ಅವರ ಊರೆಂದು ಪ್ರಸಿದ್ಧ. ಬೇರೆ ಶರಣರಲ್ಲಿ ಹೆಚ್ಚಿನವರು ತಂತಮ್ಮ ಇಷ್ಟದೈವದ ಹೆಸರಿನಲ್ಲಿ ವಚನ ಮುಗಿಸಿದರೆ ಚೌಡಯ್ಯ ತಮ್ಮದೇ ಹೆಸರನ್ನು ಅಂಕಿತ ಮಾಡಿಕೊಂಡರು. ದೋಣಿ ನಡೆಸುವವನು ಎಂಟುನೂರು ವರ್ಷಗಳ ಹಿಂದೆಯೇ ತನ್ನ ಮಾತಿಗೆ ತಾನೇ ರುಜು ಹಾಕಿದ! ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳಲ್ಲಿ ಅವರ ವಚನಗಳಿವೆ, ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿದರೆ ಸಿಕ್ಕಾವು.

ಕಾದಂಬರಿ ಬೇಕೆನ್ನುವವರು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಹಿಡಿಯಬೇಕು. ಪುಟ ಹೆಚ್ಚು, ಆದರೆ ಕೊನೆಯಲ್ಲಿ ತುಂಬಿದ ತುಂಗೆಯನ್ನು ದೋಣಿಯಲ್ಲಿ ದಾಟುವ ಭಾಗ, ಗುತ್ತಿಯ ನಾಯಿ ಹುಲಿಯ ನೀರುಪಾಲಾಗುವ ಭಾಗ ಓದಿದವರು ಮರೆಯಲಾರರು. ಆ ತುಂಗೆಯೇ ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ನಮ್ಮ ಕಡೆ ಬರುವವಳು.

ಬರೆಯದೆ ಉಳಿದದ್ದು

ಪಟ್ಟಿ ಇಲ್ಲಿಗೆ ಮುಗಿಯಿತು. ಈಗ ಲೆಕ್ಕ ಹಾಕಿ ನೋಡಿರಿ. ಪೋರ್ಚುಗೀಸರು ಬರೆದರು, ಇಂಗ್ಲೀಷರು ಬರೆದರು, ಅಮೆರಿಕದವರು ಬಂದು ಅಳೆದು ಬರೆದರು. ಅವರಿಗೆ ಕೈಮುಗಿಯಬೇಕು. ಆದರೆ ಯಾವ ತಿಂಗಳ ಬಿದಿರು ಹುಳ ಹಿಡಿಯುವುದಿಲ್ಲ, ಎಷ್ಟು ಅಗಲ ಸೀಳಬೇಕು, ನೀರಿನ ಬಣ್ಣ ತಿರುಗಿದರೆ ಮೇಲೆ ಡ್ಯಾಮಿನಿಂದ ಎಷ್ಟು ಬಿಟ್ಟಿದ್ದಾರೆ, ಯಾವ ಬಂಡೆಯ ಹಿಂದೆ ಸುಳಿ ಇದೆ ಎಂಬುದು ಆ ಪುಸ್ತಕಗಳಲ್ಲಿ ಸಿಗುವುದಿಲ್ಲ. ಕಡೇ ಹೊಲಕ್ಕೆ ನೀರು ಮುಟ್ಟಿಸಲು ಯಾವ ತೂಬು ಎಷ್ಟು ಹೊತ್ತು ಎತ್ತಬೇಕೆಂಬ ನೀರುಗಂಟಿಯ ಲೆಕ್ಕವೂ ಸಿಗುವುದಿಲ್ಲ. ಅದೆಲ್ಲ ಇರುವುದು ತಲೆಯಲ್ಲಿ, ಕೈಯಲ್ಲಿ. ಮುದುಕರ ಜೊತೆ ಅದೂ ಹೋಗುತ್ತದೆ.

ಇಂಥ ತಿಳಿವಳಿಕೆಯ ಬೆಲೆ ಏನೆಂಬುದು 2024ರ ಆಗಸ್ಟ್ 10ರ ರಾತ್ರಿ ಇಡೀ ಸೀಮೆಗೆ ಗೊತ್ತಾಯಿತು. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಕಿತ್ತುಹೋಯಿತು. ತುಂಬಿದ್ದ ನೀರು ಕಣ್ಣೆದುರೇ ಹೋಗತೊಡಗಿತು. ಆಗ ಗೇಟುಗಳ ಕೆಲಸದಲ್ಲಿ ಪಳಗಿದ ನಿವೃತ್ತ ತಜ್ಞ ಕನ್ಹಯ್ಯ ನಾಯ್ಡು ಅವರನ್ನು ಕರೆಸಬೇಕಾಯಿತು. ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ತಾತ್ಕಾಲಿಕವಾಗಿ ಮುಚ್ಚಿದರು. ಬಲ್ಲವರು ಒಬ್ಬರಿದ್ದರು, ನೀರು ಉಳಿಯಿತು. ಇಲ್ಲದಿದ್ದರೆ?

ಹರಿಗೋಲಿನವರ ಪಾಡು ಇನ್ನೂ ಸೂಕ್ಷ್ಮ. ಹಂಪಿ-ಆನೆಗೊಂದಿ ನಡುವೆ ತಳವಾರ ಘಟ್ಟದಲ್ಲಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ಹೊಳೆಯ ಮೇಲಿನ ಸೇತುವೆಗಳ ತಕರಾರಿನಿಂದಲೇ ಹಂಪಿ 1999ರಿಂದ 2006ರವರೆಗೆ ಯುನೆಸ್ಕೋದ ಅಪಾಯದ ಪಟ್ಟಿಯಲ್ಲಿತ್ತು. ಸೇತುವೆ ಇಲ್ಲದಾಗ ದಾಟಿಸಿದವನು ಅಂಬಿಗ. ಈಗ ಪ್ರವಾಸಿಗಳನ್ನು ಸುತ್ತಿಸುವುದೇ ಮುಖ್ಯ ದುಡಿಮೆ; ಹೊಳೆ ತುಂಬಿದಾಗ ಅದೂ ಬಂದ್. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಕಿನ್ನಾಳದವರಿಗೆ ಇದು ಬೇಗ ಅರ್ಥವಾಗಬೇಕು. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಕಲಸಿ, ಬಣ್ಣ ಹಚ್ಚುವ ಚಿತ್ರಗಾರರ ಕೆಲಸವನ್ನು ನಾಲ್ಕು ಮಂದಿ ಬರೆದರು, ಚಿತ್ರ ತೆಗೆದರು, ಕಿನ್ನಾಳ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಅದರಿಂದ ಕಷ್ಟವೆಲ್ಲ ತೀರಿತೆಂದಲ್ಲ, ಆದರೆ ಹೆಸರು ದಾಖಲೆಗೆ ಹತ್ತಿತು. ಬಿದಿರಿನ ಹರಿಗೋಲು ಹೆಣೆಯುವ ಕೈಗೆ ಆ ಯೋಗ ಯಾಕೆ ಬೇಡ? 2019ರಲ್ಲಿ ಗವಿಮಠದ ಶ್ರೀಗಳ ಮುಂದಾಳತ್ವದಲ್ಲಿ ಜನ ಸೇರಿ ಮೈಲುಗಟ್ಟಲೆ ಹಿರೇಹಳ್ಳ ಸ್ವಚ್ಛ ಮಾಡಿದ ಸೀಮೆ ಇದು. ಹಳ್ಳ ಬಳಿದವರಿಗೆ ಒಂದು ಪುಸ್ತಕ ಬರೆಸುವುದು ದೊಡ್ಡ ಮಾತೇ?

ಮಾಡಬೇಕಾದ್ದು ಬಹಳಿಲ್ಲ. ಊರೂರಿನ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂದು ಹೆಸರು. ಅಲ್ಲಿ ನೀರಿನ ಪುಸ್ತಕಗಳಿಗೆ ಒಂದು ಹಲಗೆ ಬಿಡಲಿ. ಹೈಸ್ಕೂಲು, ಕಾಲೇಜಿನ ಹುಡುಗರು ರಜೆಯಲ್ಲಿ ಒಬ್ಬೊಬ್ಬ ಅಂಬಿಗನ, ಒಬ್ಬೊಬ್ಬ ನೀರುಗಂಟಿಯ ಮಾತನ್ನು ಅವರ ಭಾಷೆಯಲ್ಲೇ ಬರೆದುಕೊಳ್ಳಲಿ. ಮೊಬೈಲಿನಲ್ಲಿ ಮುದ್ರಿಸಿಕೊಂಡರೂ ಆದೀತು. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವೇ ಇದೆ, ಅಚ್ಚು ಹಾಕುವ ಪ್ರಸಾರಾಂಗವೂ ಇದೆ. ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ.

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಓದುವ ಕೋಶ ಮೇಲೆ ಹೇಳಿಯಾಯಿತು. ಬರೆಯುವ ಕೋಶ ಒಂದು ಬಾಕಿ ಇದೆ.